ಗಂಟೆ ಬಾರಿಸಿ ಅಂಗಳ ನೋಡುವ ಸಾವಿತ್ರಿಬಾಯಿ

ಸಗರದ ಶಾಲೆಯ ಅಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿಪಾಯಿ ಸಾವಿತ್ರಿಬಾಯಿ ಬೇವಿನ ಮರದ ಕೆಳಗೆ ಕಸ ಗುಡಿಸುತ್ತಿದ್ದಾರೆ. ಇಂದು ಅವರ ಕೈ ಎಂದಿಗಿಂತ ಚುರುಕು. ಏಳು ಗಂಟೆಯ ಬಸ್ಸಿಗೆ ಮಗಳು ಪಂಚಶೀಲಾ ಯಾದಗಿರಿಗೆ ಹೋಗಿ ಮೈಸೂರಿನ ರೈಲು ಹಿಡಿಯಬೇಕು. ನಾಳೆ ಮಧ್ಯಾಹ್ನದೊಳಗೆ ಕಾಲೇಜಿನಲ್ಲಿ ಮೂಲ ಕಾಗದಪತ್ರ ತೋರಿಸದಿದ್ದರೆ ಸೀಟು ಮುಂದಿನವರ ಪಾಲಾಗುತ್ತದೆ. ಅಷ್ಟರಲ್ಲಿ ಗೇಟಿನ ಎದುರಿನ ಚಹದಂಗಡಿಯ ಖಾಜಾಹುಸೇನ ಒಲೆ ಹೊತ್ತಿಸುವುದನ್ನು ಬಿಟ್ಟು ಒಳಗೆ ಬರುತ್ತಾರೆ. ಅವರ ಮುಖ ನೋಡಿಯೇ ಸಾವಿತ್ರಿಬಾಯಿ ಕಸಬರಿಗೆ ಕೆಳಗಿಡುತ್ತಾರೆ.

"ಅಕ್ಕಾ, ಈಶಪ್ಪ ಮಾಸ್ತರು ಹೋದ್ರು. ನಸುಕಿನ್ಯಾಗ, ನಿದ್ದ್ಯಾಗನ."

ಈಶಪ್ಪ ಮಾಸ್ತರು ಇದೇ ಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ, ನಿವೃತ್ತರಾಗಿ ಹದಿಮೂರು ವರ್ಷವಾಗಿತ್ತು. ಸಾವಿತ್ರಿಬಾಯಿಯ ಒಂದು ಮಾತನ್ನು ಈ ಊರಿನಲ್ಲಿ ಮೊದಲು ನಂಬಿದವರು ಅವರೇ.

ಆ ಮಾತು ತಿಳಿಯಬೇಕಾದರೆ ಗಂಟೆಯ ಹತ್ತಿರ ಹೋಗಬೇಕು. ಈ ಶಾಲೆಯ ಗಂಟೆಯೆಂದರೆ ವರಾಂಡದ ತೊಲೆಗೆ ತಂತಿಯಿಂದ ತೂಗುಹಾಕಿದ ರೈಲು ಹಳಿಯ ತುಂಡು. ದಿನಕ್ಕೆ ಹನ್ನೊಂದು ಸಲ ಅದಕ್ಕೆ ಕಬ್ಬಿಣದ ಸರಳಿನಿಂದ ಹೊಡೆಯುವುದು ಸಾವಿತ್ರಿಬಾಯಿಯ ಕೆಲಸ. ಹದಿನೆಂಟು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅವರ ನೌಕರಿ ಈಕೆಗೆ ಬಂತು. ಪಂಚಶೀಲಾ ಆಗ ಕಂಕುಳ ಕೂಸು. ನಾನೂರಕ್ಕೂ ಹೆಚ್ಚು ಮಕ್ಕಳಿರುವ ಶಾಲೆಯಲ್ಲಿ ನೀರು ತುಂಬಿಸುವುದು, ಕೋಣೆಗಳ ಬೀಗ ತೆಗೆಯುವುದು, ಬಿದ್ದ ಮಗುವಿನ ಮೊಣಕಾಲು ತೊಳೆಯುವುದು ಎಲ್ಲವೂ ಇವರದೇ. ಆದರೆ ಗಂಟೆ ಹೊಡೆಯುವಾಗ ಇವರ ಕಣ್ಣು ಹಳಿಯ ಮೇಲಿರುವುದಿಲ್ಲ, ಅಂಗಳದ ಮೇಲಿರುತ್ತದೆ.

"ಕೇಳಸೂ ಹುಡುಗರು ಗಂಟಿಗೆ ಏಳ್ತಾವ್ರಿ. ಕೇಳಸಲಾರದವು ಬಾಜೂಕಿನ ಹುಡುಗನ್ನ ನೋಡಿ ಏಳ್ತಾವ. ನಡುವ ಒಂದು ಉಸಿರಿನಷ್ಟು ಫರಕ ಇರ್ತದ. ಅಷ್ಟ ನೋಡಬೇಕು," ಎನ್ನುತ್ತಾರೆ.

ಕೆಲಸಕ್ಕೆ ಬಂದ ಮೂರನೆಯ ವರ್ಷ ಅವರ ಕಣ್ಣಿಗೆ ಹೀಗೆ ಒಬ್ಬ ಹುಡುಗ ಬಿದ್ದ. ಎಲ್ಲರೂ ಅವನನ್ನು ಮಂಕು ಎಂದು ಬಿಟ್ಟಿದ್ದರು. ಸಿಪಾಯಿ ಹೆಂಗಸಿಗೆ ಕಿವಿಯ ವಿಷಯ ಏನು ತಿಳಿಯುತ್ತದೆ ಎಂದು ಉಳಿದವರು ನಕ್ಕರು. ಈಶಪ್ಪ ಮಾಸ್ತರು ನಗಲಿಲ್ಲ. ಹುಡುಗನ ಬೆನ್ನ ಹಿಂದೆ ನಿಂತು ಮೆಲ್ಲಗೆ "ರಜಾ" ಎಂದರು. ತರಗತಿಯ ಮಕ್ಕಳೆಲ್ಲ ತಟ್ಟನೆ ತಲೆ ಎತ್ತಿದರು, ಆ ಹುಡುಗ ಮಾತ್ರ ಪಾಟಿಯ ಮೇಲೆ ಬರೆಯುತ್ತಲೇ ಇದ್ದ. ಮರುದಿನವೇ ಮಾಸ್ತರು, ಸಾವಿತ್ರಿಬಾಯಿ, ಹುಡುಗನ ತಾಯಿ ಮೂವರೂ ಯಾದಗಿರಿಯ ಆಸ್ಪತ್ರೆಯ ಬಸ್ಸು ಹತ್ತಿದರು.

ಅಂದಿನಿಂದ ಹದಿನೇಳು ಮಕ್ಕಳು. ಏಳು ಮಕ್ಕಳಿಗೆ ಕಿವಿ ಸೋರುತ್ತಿತ್ತು, ಔಷಧದಿಂದ ಗುಣವಾಯಿತು. ಐವರಿಗೆ ಕಿವಿಯ ಮಿಷನ್ ಬಂತು. ಮೂವರು ತಡವಾಗಿ ಸಿಕ್ಕರು. ಕೇಳಿಸುವಂತಾದರೂ ಅವರಿಗೆ ಮಾತು ಹತ್ತಲಿಲ್ಲ. ಇನ್ನಿಬ್ಬರು? ಸಾವಿತ್ರಿಬಾಯಿ ನಗುತ್ತಾರೆ. "ಅವಕ್ಕ ಏನೂ ಆಗಿದ್ದಿಲ್ರಿ. ಗೋಲಿ ಆಟ ಬಿಟ್ಟು ಏಳಾಕ ಮನಸ್ಸಿದ್ದಿಲ್ಲ. ಸುಮ್ಮನ ಬಸ್ಸಿನ ತಿರುಗಾಟ ಆತು."

ಅಂಥ ಒಂದು ತಿರುಗಾಟದಲ್ಲಿ ಹತ್ತನೆಯ ತರಗತಿಯ ಪಂಚಶೀಲಾ ಆಸ್ಪತ್ರೆಯ ಕಿವಿ ಪರೀಕ್ಷೆಯ ಕೋಣೆಯನ್ನು ನೋಡಿದಳು. ಅಲ್ಲಿನ ಹೆಣ್ಣುಮಗಳು ಮಗುವಿನ ಗಂಟಲ ಮೇಲೆ ಅದರದೇ ಕೈಯಿಟ್ಟು 'ಅಮ್ಮ' ಎನ್ನಿಸುತ್ತಿದ್ದಳು. ನಾನೂ ಇದನ್ನೇ ಕಲಿಯುತ್ತೇನೆ ಎಂದು ಹುಡುಗಿ ಹಟ ಹಿಡಿದಳು. ದಾರಿ ಕೇಳಿದ್ದು ಈಶಪ್ಪ ಮಾಸ್ತರನ್ನು. ಮಾತು ಕಲಿಸುವುದೆಂದರೆ ಭಾಷೆಯ ಕೆಲಸವಲ್ಲವೇ ಎಂದು ಮಾಸ್ತರು ಯೋಚಿಸಿದರು. ಅವಳ ಮನೆಯ ಬಾಗಿಲ ಹಿಂಬದಿಗೆ ಸುಣ್ಣದ ಕಡ್ಡಿಯಿಂದ 'ಪಿಯುಸಿ ಕಲಾ ವಿಭಾಗ, ಐಚ್ಛಿಕ ಕನ್ನಡ' ಎಂದು ದಪ್ಪಕ್ಷರದಲ್ಲಿ ಬರೆದರು. ಹುಡುಗಿ ಹತ್ತಿರದ ತಾಲ್ಲೂಕು ಊರು ಶಹಾಪುರದಲ್ಲಿ ಅದನ್ನೇ ಸೇರಿ, ವರ್ಷವಿಡೀ ಓದಿ ಮೊದಲಿಗಳಾದಳು.

ಮರು ವರ್ಷ ಮತ್ತೊಂದು ಮಗುವಿನ ಜೊತೆ ಹೋದಾಗ ಆ ಕೋಣೆಯ ಹೆಣ್ಣುಮಗಳೇ ನಿಜ ಹೇಳಿದಳು. ವಾಕ್ ಮತ್ತು ಶ್ರವಣ ಪದವಿಗೆ ವಿಜ್ಞಾನವೇ ಬೇಕು. ಕಿವಿ, ಗಂಟಲು, ಮಿದುಳು ಓದದೆ ಮಾತನ್ನು ರಿಪೇರಿ ಮಾಡಲಾಗುವುದಿಲ್ಲ. ಸುದ್ದಿ ತಿಳಿದ ಸಂಜೆ ಮಾಸ್ತರು ಮನೆಗೆ ಬಂದರು, ಕುಳಿತುಕೊಳ್ಳಲಿಲ್ಲ. ಬಾಗಿಲ ಮೇಲೆ ಬರೆದದ್ದರ ಮೇಲೆ ಒಂದೇ ಗೆರೆ ಎಳೆದರು, ಅಳಿಸಲಿಲ್ಲ. ತಪ್ಪು ಲೆಕ್ಕವನ್ನು ಅಳಿಸಬಾರದು, ಎಲ್ಲಿ ತಪ್ಪಿತೆಂದು ಕಾಣಬೇಕು ಎಂಬುದು ಅವರ ತರಗತಿಯ ನಿಯಮ. ಅದರ ಕೆಳಗೆ ಹೊಸದಾಗಿ ಬರೆದರು: ಪಿಯುಸಿ ವಿಜ್ಞಾನ, ಜೀವಶಾಸ್ತ್ರ ಸಮೇತ, ಎರಡು ವರ್ಷ. ಪ್ರವೇಶ ಪರೀಕ್ಷೆ. ಮೂರು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯ ಅಭ್ಯಾಸ. ನೋಂದಣಿ. ಕೊನೆಗೆ, ಶಹಾಪುರದ ಆಸ್ಪತ್ರೆ.

"ಹುಡುಗಿ ಅತ್ತಳು. ಮಾಸ್ತರು ಆಕಿಗಿಂತ ಜಾಸ್ತಿ ಸೊರಗಿದ್ರು," ಎಂದು ಸಾವಿತ್ರಿಬಾಯಿ ನೆನೆಯುತ್ತಾರೆ.

ಆದರೆ ಸೊರಗಿ ಕೂರುವ ಜೀವ ಅದಲ್ಲ. ಎರಡು ವರ್ಷ ದಿನಾ ಸಂಜೆ ಅವಳಿಂದ ಜೀವಶಾಸ್ತ್ರ ಗಟ್ಟಿಯಾಗಿ ಓದಿಸಿ, ತಾವೇ ವಿದ್ಯಾರ್ಥಿಯಂತೆ ಪ್ರಶ್ನೆ ಕೇಳಿದರು. ಕಿವಿಯಲ್ಲಿ ಮೂರು ಸಣ್ಣ ಎಲುಬುಗಳಿವೆ ಎಂದು ಕಲಿತ ಮೇಲಂತೂ ಚಹದಂಗಡಿಯಲ್ಲಿ ಸಿಕ್ಕವರನ್ನೆಲ್ಲ ಹಿಡಿದು ಹೇಳತೊಡಗಿದರು. ಖಾಜಾಹುಸೇನ ಬಿಡುತ್ತಾರೆಯೇ? "ನಿಮ್ಮ ಕಿವ್ಯಾಗ ನಾಕನೇದೂ ಒಂದು ಅಡ್ಡ ಕುಂತದ ಮಾಸ್ತರ. ಅದಕ್ಕ ಅಮ್ಮಾರು ಕರದ್ರ ನಿಮಗ ಕೇಳಸಂಗಿಲ್ಲ." ಎಲ್ಲರಿಗಿಂತ ಮೊದಲು ಮಾಸ್ತರೇ ನಗುತ್ತಿದ್ದರು. ಕಳೆದ ವಾರ ಬಂದು ಬಾಗಿಲ ಮೇಲೆ 'ಪ್ರವೇಶ ಪರೀಕ್ಷೆ'ಯ ಮುಂದೆ ಸರಿ ಗುರುತು ಹಾಕಿ ಹೋಗಿದ್ದರು. ಅದೇ ಕೊನೆ.

ಈಗ ಮಾಸ್ತರ ಮನೆಯ ಪಡಸಾಲೆಯಲ್ಲಿ ಅವರ ದೇಹವನ್ನು ಗೋಡೆಗೆ ಒರಗಿಸಿ, ಹೂವಿನ ಮಾಲೆ ಹಾಕಿ ಕೂರಿಸಿದ್ದಾರೆ. ಮಣ್ಣು ಮಾಡುವುದು ಸಂಜೆ ನಾಲ್ಕು ಗಂಟೆಗೆ. ಪಂಚಶೀಲಾ ಚೀಲ ಕೆಳಗಿಟ್ಟು, ತಾನು ಮಣ್ಣಿಗೆ ನಿಲ್ಲುತ್ತೇನೆ, ಸೀಟು ಮುಂದಿನ ವರ್ಷ ನೋಡಿದರಾಯಿತು ಎಂದು ಕಂಬ ಹಿಡಿದು ನಿಲ್ಲುತ್ತಾಳೆ. ಸಾವಿತ್ರಿಬಾಯಿ ಮಗಳ ಚೀಲವನ್ನು ಎತ್ತಿ, ಮತ್ತೆ ಅಲ್ಲೇ ಇಡುತ್ತಾರೆ. ಗಡಿಯಾರ ಆರೂವರೆ ತೋರಿಸುತ್ತಿದೆ. ಆಗ ಮಾಸ್ತರ ಹೆಂಡತಿ ಲಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹುಡುಗಿಯತ್ತ ತಿರುಗುತ್ತಾರೆ.

"ಈ ಮುದುಕ ನಿಂದೊಂದು ವರ್ಷ ಕಳದಾನ. ಹೋಗೂ ದಿನ ಇನ್ನೊಂದು ಕಳದ ಅನ್ನಿಸಬ್ಯಾಡ ಅವನ್ನ. ಕಾಲು ಮುಟ್ಟು, ಬಸ್ಸಿಗಿ ನಡಿ."

ಪಂಚಶೀಲಾ ಕಾಲು ಮುಟ್ಟುತ್ತಾಳೆ, ಚೀಲ ಎತ್ತಿಕೊಳ್ಳುತ್ತಾಳೆ. ಏಳರ ಬಸ್ಸು ಇಂದು ಐದು ನಿಮಿಷ ತಡವಾಗಿ ಬಂದದ್ದೇ ಉಪಕಾರವಾಯಿತು.

ಒಂಬತ್ತೂವರೆಗೆ ಪ್ರಾರ್ಥನೆ. ದೊಡ್ಡ ಮಕ್ಕಳಿಗೆ ಮುಖ್ಯಗುರುಗಳು ಸುದ್ದಿ ತಿಳಿಸಿ ಮೌನ ಆಚರಿಸಿದ ಮೇಲೆ ಸಾವಿತ್ರಿಬಾಯಿ ಸರಳು ಎತ್ತಿ ಉದ್ದ ಗಂಟೆ ಹೊಡೆಯುತ್ತಾರೆ. ಉದ್ದ ಗಂಟೆಯೆಂದರೆ ರಜೆ. ವರಾಂಡದಲ್ಲಿ ಕೂರುವ ಒಂದನೆಯ ತರಗತಿಯ ಮಕ್ಕಳಿಗೆ ಸಾವು ಏನು ಗೊತ್ತು? ಹೋ ಎಂದು ಕೂಗುತ್ತ ಎದ್ದು ಓಡುತ್ತವೆ. ಕಣ್ಣು ತುಂಬಿಕೊಂಡೇ ಸಾವಿತ್ರಿಬಾಯಿ ನಗುತ್ತಾರೆ. ಈ ಕೂಗು ಕೇಳಿದ್ದರೆ ಮಾಸ್ತರಿಗೆ ಬೇರೆ ಮರ್ಯಾದೆ ಬೇಕಾಗಿರಲಿಲ್ಲ.

ಕಂಬದ ಬಳಿ ಒಂದು ಹುಡುಗಿ ಹುಣಸೆಬೀಜ ಜೋಡಿಸುತ್ತ ಕುಳಿತೇ ಇದೆ. ಪಕ್ಕದವಳು ಎದ್ದದ್ದನ್ನು ನೋಡಿ ತಲೆ ಎತ್ತುತ್ತದೆ. ಈ ಜೂನಿನಲ್ಲಿ ಹೊಸದಾಗಿ ಸೇರಿದ ಫರ್ಹೀನ್. ಸಾವಿತ್ರಿಬಾಯಿ ಸರಳು ಇಟ್ಟು, ಹಿಂದಿನಿಂದ ಹೋಗಿ, ಮಾಸ್ತರಂತೆಯೇ ಮೆಲ್ಲಗೆ "ರಜಾ" ಎನ್ನುತ್ತಾರೆ. ಹುಡುಗಿ ತಿರುಗುವುದಿಲ್ಲ.

ಯಾದಗಿರಿ ನಿಲ್ದಾಣದಲ್ಲಿರುವ ಮಗಳಿಗೆ ಫೋನು ಹೋಗುತ್ತದೆ: "ಹದಿನೆಂಟನೇದು ಸಿಕ್ಕದ."

"ನನ್ನ ಹಾದಿ ಕಾಯಬ್ಯಾಡವ್ವ. ನಾಳಿಗೇನ ಆಸ್ಪತ್ರಿಗಿ ಕರ್ಕೊಂಡು ಹೋಗು. ರೈಲು ಬಂತು," ಎನ್ನುತ್ತಾಳೆ ಪಂಚಶೀಲಾ.

ಸಾವಿತ್ರಿಬಾಯಿಯ ಆಸೆ ದೊಡ್ಡದಲ್ಲ. ತಾವು ನಿವೃತ್ತರಾಗುವುದರೊಳಗೆ ಮಗಳು ಶಹಾಪುರಕ್ಕೆ ಬಂದು ಕುಳಿತರೆ, ಮಕ್ಕಳಿಗೆ ಯಾದಗಿರಿಯ ಬಸ್ಸಿನ ಧೂಳು ತಪ್ಪುತ್ತದೆ. ಅಷ್ಟೇ.

ಸಂಜೆ ಹೊಲದ ಬದುವಿನಲ್ಲಿ ಮಾಸ್ತರ ಸಮಾಧಿಗೆ ಅವರು ಎರಡು ಹಿಡಿ ಮಣ್ಣು ಹಾಕುತ್ತಾರೆ, ಒಂದು ತಮ್ಮದು, ಒಂದು ಮಗಳದು. ಕೈ ಮುಗಿದು, ಪಕ್ಕದಲ್ಲಿ ನಿಂತವರಿಗಷ್ಟೇ ಕೇಳುವಂತೆ ಬೇಡಿಕೊಳ್ಳುತ್ತಾರೆ:

"ಹುಡುಗಿ ರೈಲು ಹತ್ಯಾಳ್ರಿ ಮಾಸ್ತರ. ನಿಮ್ಮ ಲೆಕ್ಕ ಸರಿ ಬಂತು. ದೇವರು ನಿಮ್ಮನ್ನ ತಂಪಾಗಿ ಇಡ್ಲಿ. ಇನ್ನ ನಿಶ್ಚಿಂತಿ ಮಲಕೋರಿ."