ಗುಡ್ಡದವ್ವನ ಜೋಡಿ ಕೀಲಿ

ಗುಡಿಯ ಆಡಳಿತ, ದರ್ಗಾದ ಜಮೀನು, ಸರಕಾರಿ ಶಾಲೆಯ ಪ್ರಾರ್ಥನೆ, ಕಚೇರಿ ಅಂಗಳದಲ್ಲಿ ಎದ್ದ ಕಟ್ಟೆ, ಇಂಥ ಯಾವ ದಾವೆ ಕಲಬುರಗಿಯ ನ್ಯಾಯಾಲಯಕ್ಕೆ ಬಂದರೂ ವಾದಿಗೂ ಪ್ರತಿವಾದಿಗೂ ಮೊದಲು ನೆನಪಾಗುತ್ತಿದ್ದವರು ಶ್ರೀ ಪಾಂಡುರಂಗರಾವ್ ಕಮಲಾಪುರಕರ ಅವರು. ದೇವರಿಗೂ ಸರಕಾರಕ್ಕೂ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಈ ಭಾಗದಲ್ಲಿ ಅವರಷ್ಟು ಕಾಲ, ಅವರಷ್ಟು ಪ್ರೀತಿಯಿಂದ ಚಿಂತಿಸಿದವರು ವಿರಳ. ಹಣೆಯ ಮೇಲೆ ಅಂಗಾರ ಅಕ್ಷತೆ, ಕೊರಳಲ್ಲಿ ವಕೀಲರ ಬಿಳಿಪಟ್ಟಿ. ಎರಡನ್ನೂ ಅವರು ಒಂದೇ ಶುಚಿಯಿಂದ ಧರಿಸಿದರು. ಎಪ್ಪತ್ತು ತುಂಬಿದ ಈ ವರ್ಷ ಅವರು ಸೇಡಂ ರಸ್ತೆಯ ತಮ್ಮ ಕಚೇರಿಯ ಬಾಗಿಲು ಎಳೆದುಕೊಂಡು ವೃತ್ತಿಯಿಂದ ನಿವೃತ್ತರಾಗುತ್ತಿದ್ದಾರೆ. ಅವರು ನಡೆಸಿದ ದಾವೆಗಳು ನೂರಾರು. ಆದರೆ ರಾಯರನ್ನು ಬಲ್ಲವರು ಕೂಡಿದಲ್ಲಿ ಹೇಳಿಕೊಳ್ಳುವುದು ಒಂದೇ ದಾವೆಯ ಕಥೆಯನ್ನು.

ರಾಯರ ಹುಟ್ಟೂರು ಕಮಲಾಪುರದ ಬದಿಯ ಗುಡ್ಡದ ಮೇಲೆ ಗುಡ್ಡದವ್ವನ ಸಣ್ಣ ಗುಡಿ. ಅವ್ವನಿಗೊಂದು ಬೆಳ್ಳಿಯ ಮುಖ. ಅದು ಯಾರ ಮನೆಯಲ್ಲಿರಬೇಕೆಂದು ಚಂದ್ರಾಮಪ್ಪನ ಮನೆತನಕ್ಕೂ ಮಲ್ಕಪ್ಪನ ಮನೆತನಕ್ಕೂ ಜಗಳ ಹತ್ತಿ, ಬಡಿದಾಟದವರೆಗೆ ಹೋದಾಗ ಅಧಿಕಾರಿಗಳು ಮುಖವನ್ನೇ ಎತ್ತಿಕೊಂಡು ಬಂದು ನಗರದ ಒಂದು ಸರಕಾರಿ ಖಜಾನೆಯಲ್ಲಿಟ್ಟರು. ಅಂದಿನಿಂದ ಅವ್ವನ ವಾಸ ಛಾಪಾ ಕಾಗದಗಳ ಪಕ್ಕದಲ್ಲಿ. ವರ್ಷಕ್ಕೊಮ್ಮೆ ಶೀಗಿ ಹುಣ್ಣಿಮೆಯ ದಿನ ಮುಖವು ಪೊಲೀಸ್ ಜೀಪಿನಲ್ಲಿ ಊರಿಗೆ ಹೋಗುವುದು. ಭೀಮಬಾಯಿ ಎಂಬ ವಿಧವೆ ಅದಕ್ಕೆ ನೀರೆರೆಯುವುದು. ಹೊತ್ತು ಇಳಿಯುವುದರೊಳಗೆ ಮತ್ತೆ ಬಟ್ಟೆಯ ಗಂಟು, ಅರಗಿನ ಮುದ್ರೆ, ಖಜಾನೆ.

ಎಂಬತ್ತರ ದಶಕದ ನಡುವಿನಲ್ಲಿ ಆ ಖಜಾನೆಗೆ ಬಂದ ಹೊಸ ಅಧಿಕಾರಿ ದೈವಭಕ್ತರು. ದೇವಿ ಕತ್ತಲಲ್ಲಿದ್ದಾಳಲ್ಲ ಎಂಬ ಮರುಕದಿಂದಲೇ ಅವರು ಭದ್ರ ಕೋಣೆಯ ಮುಂದೊಂದು ನಂದಾದೀಪ ಇಡಿಸಿದರು. ದೀಪದ ಹಿಂದೆ ಶುಕ್ರವಾರದ ಆರತಿ ಬಂತು, ಆರತಿಯ ಹಿಂದೆ ತೆಂಗಿನಕಾಯಿ ಬಂತು, ಕೊನೆಗೆ ಚಪ್ಪಲಿ ಹೊರಗೆ ಬಿಡಬೇಕೆಂಬ ಕಟ್ಟಳೆಯೂ ಬಂತು. ಪಿಂಚಣಿಗೆಂದು ಬಂದ ಮುದುಕರು ಆರತಿ ಮುಗಿಯುವವರೆಗೆ ಬಿಸಿಲಲ್ಲಿ ನಿಲ್ಲಬೇಕಾಯಿತು. ಹಾಗೆ ನಿಂತವರಲ್ಲಿ ಒಬ್ಬರು ಶರಣಸಿರಸಗಿಯ ಇಕ್ಬಾಲ್ ಬೇಗಂ, ತೀರಿಹೋದ ಬುರ್ಹಾನುದ್ದೀನ್ ಮಾಸ್ತರರ ಹೆಂಡತಿ.

“ನಿಮ್ಮ ಅವ್ವಗ ನಾ ಯಾಕ ವೈರಿ ಆಗ್ಲಿ, ವಕೀಲ್ ಸಾಬ್?” ಎಂದರು ಆಕೆ, ರಾಯರ ಕಚೇರಿಯ ಬೆಂಚಿನ ತುದಿಯಲ್ಲಿ ಕುಳಿತು. “ನಮ್ಮ ಮಾಸ್ತರ್ ಸರಕಾರದ ನೌಕರಿ ಮಾಡ್ಯಾರ. ಅವರ ಪಿಂಚಣಿಗೆ ನಾ ಸರಕಾರದ ಬಾಗಲಿಗೆ ಹೋಗೀನಿ. ಅಲ್ಲಿ ‘ಆರತಿ ಆಗ್ಲಿ, ಆಮ್ಯಾಲ ಬರ್ರಿ’ ಅಂತಾರ. ಹಂಗಾರ ಆ ಬಾಗಲಾ ಯಾರ್ದು? ಅಷ್ಟು ಕೇಳಿ ಹೇಳ್ರಿ, ಸಾಕು.”

ರಾಯರು ಆ ಪ್ರಶ್ನೆಯನ್ನೇ ದಾವೆಯಾಗಿ ಹೂಡಿದರು. ವಕೀಲರ ಕೋಣೆಯಲ್ಲಿ ನಗೆ ಎದ್ದಿತು: “ರಾಯರು ಮುಂಜಾನೆ ದೇವರಿಗೆ ನೀರು ಹಾಕ್ತಾರ, ಹನ್ನೊಂದಕ್ಕ ನೋಟೀಸ್ ಹಾಕ್ತಾರ.” ರಾಯರೂ ಜೊತೆಗೆ ನಕ್ಕರು. ನ್ಯಾಯಪೀಠದ ಮುಂದೆ ಮಾತ್ರ ಅವರ ಮಾತು ಸ್ಪಷ್ಟವಿತ್ತು: ಎಲ್ಲರ ದೇವರನ್ನೂ ಕಾಯುವ ಹೊಣೆ ಸರಕಾರಕ್ಕಿದೆ, ಆದರೆ ಯಾರ ದೇವರಿಗೂ ಆರತಿ ಎತ್ತುವ ಕೈ ಅದಕ್ಕಿಲ್ಲ. ತೀರ್ಪು ಅವರ ಕಡೆಗಾಯಿತು. ಖಜಾನೆಯಲ್ಲಿ ಪೂಜೆ ನಿಂತಿತು.

ಪೇಢೆಯ ಪೊಟ್ಟಣ ಹಿಡಿದು ಮನೆಗೆ ಬಂದ ಮಗನನ್ನು ತಾಯಿ ಭಾಗೀರಥಿಬಾಯಿ ದೇವರ ಕೋಣೆಯ ಹೊಸ್ತಿಲಲ್ಲೇ ತಡೆದರು.

“ಏನ್ ಗೆದ್ದ್ಯೋ ಪಾಂಡು?”

“ಖಜಾನ್ಯಾಗಿನ ಪೂಜಾ ನಿಂತದ, ಆಯಿ.”

“ದೀಪಾ?”

“ಅದೂ ತಗದಾರ.”

ಆಯಿ ಕೈಯಲ್ಲಿದ್ದ ತೀರ್ಥದ ಸೌಟನ್ನು ಗಿಂಡಿಗೆ ಮರಳಿ ಇಟ್ಟರು. “ನಿನ್ನ ಕಾಯ್ದೆ ಖರೇನೇ ಇರಬೇಕಪಾ, ಆ ಮುದುಕಿನೂ ಬಿಸಲಾಗ ನಿಂದರಬಾರದು. ಆದ್ರ ಅವ್ವ ಈಗ ಕತ್ತಲದಾಗ ಕೂತಾಳಲ್ಲ! ದೀಪಾ ಆರಿಸಿದ ಕೈಗೆ ನಾ ತೀರ್ಥಾ ಹಾಕೂದಿಲ್ಲ. ಆಕಿ ಮುಂದ ಮತ್ತ ದೀಪಾ ಹತ್ತಲಿ, ಆವಾಗ ಕೈ ಚಾಚು.”

ಅಂದಿನಿಂದ ಆ ಮನೆಯಲ್ಲಿ ದಿನವೂ ಎಲ್ಲರಿಗೂ ತೀರ್ಥ ಸಿಕ್ಕಿತು, ಯಜಮಾನನೊಬ್ಬನನ್ನು ಬಿಟ್ಟು. ರಾಯರು ಅದನ್ನು ಯಾರ ಮುಂದೆಯೂ ಆಡಿಕೊಳ್ಳಲಿಲ್ಲ. ತೀರ್ಪನ್ನು ತಪ್ಪೆಂದೂ ಅವರು ತಿಳಿಯಲಿಲ್ಲ, ಅದು ಅರ್ಧವಾಯಿತೆಂದು ತಿಳಿದರು. ಸರಕಾರಕ್ಕೆ ಪೂಜೆಯ ಕೈ ಇಲ್ಲವೆಂದಾದ ಮೇಲೆ, ದೇವಿಯನ್ನು ಕೋಣೆಯಲ್ಲಿ ಕೂಡಿಹಾಕುವ ಕೈ ಮಾತ್ರ ಹೇಗೆ ಉಳಿದೀತು? ಕಮಲಾಪುರದಿಂದ ಬಸ್ಸು ಹಿಡಿದು ಬಂದ ಭೀಮಬಾಯಿ, “ಕಣ್ಣು ಮಂಜಾಗಾಕತ್ತಾವ್ರೀ ಸಾಹೇಬ್ರ. ಅವ್ವ ಊರಿಗೆ ಬರೂದ್ರಾಗ ನಾ ಇರ್ತೀನೋ ಇಲ್ಲೋ” ಎಂದು ಮೆಟ್ಟಿಲ ಮೇಲೆ ಕುಳಿತ ದಿನವೇ, ಶುಲ್ಕವಿಲ್ಲದೆ, ಊರಿನ ಪರವಾಗಿ ಎರಡನೆಯ ದಾವೆ ಸಿದ್ಧವಾಯಿತು.

ಅದು ವರ್ಷಗಟ್ಟಲೆ ನಡೆಯಿತು. ನ್ಯಾಯಾಧೀಶರು ಬದಲಾದರು, ಭೀಮಬಾಯಿಯ ಮಂಜುಗಣ್ಣು ಪೂರ್ತಿ ಕತ್ತಲಾಯಿತು. ಸರಕಾರದ ಕಡೆಯ ಪ್ರಶ್ನೆಯೂ ನ್ಯಾಯವಾದದ್ದೇ: ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಸುಮ್ಮನಿರುತ್ತಾರೆಯೇ? ಊರವರು ಒಪ್ಪಂದ ತಂದರೆ ಮುಖ ಬಿಡಿಸೋಣ ಎಂದಿತು ನ್ಯಾಯಾಲಯ. ರಾಯರು ಕಮಲಾಪುರಕ್ಕೆ ಹೋಗಿ ಇಬ್ಬರು ಹಿರಿಯರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸಿದರು. ಇಬ್ಬರೂ ಬೆನ್ನು ತಿರುಗಿಸಿ ಕುಳಿತರು.

“ಮಲ್ಕಪ್ಪನ ಮನ್ಯಾಗ ಇಡೂದಾದ್ರ ಖಜಾನ್ಯಾಗೇ ಇರ್ಲಿ,” ಎಂದ ಚಂದ್ರಾಮಪ್ಪ.

“ಇವನ ಮನ್ಯಾಗ ಇಡೂದಾದ್ರ ನಂದೂ ಅದೇ ಮಾತು,” ಎಂದ ಮಲ್ಕಪ್ಪ.

“ಅಂತೂ ಇಬ್ಬರೂ ಒಂದ ಮಾತಿಗೆ ಬಂದ್ರಿ ನೋಡ್ರಿ,” ಎಂದು ರಾಯರು ಎದ್ದು ಬಂದರು. ನಗುತ್ತಲೇ ಬಂದರು, ಆದರೆ ದಾರಿಯುದ್ದಕ್ಕೂ ಅವರ ಕಣ್ಣ ಮುಂದೆ ಆಯಿಯ ಕೈಯ ತೀರ್ಥದ ಸೌಟಿತ್ತು. ಆಯಿಗೆ ಆಗಲೇ ಎಂಬತ್ತು ದಾಟಿತ್ತು.

ದಾರಿ ಸಿಕ್ಕಿದ್ದು ಖಜಾನೆಯ ಪಡಸಾಲೆಯಲ್ಲಿ. ಯಾವುದೋ ಕೆಲಸಕ್ಕೆ ಹೋದ ರಾಯರಿಗೆ ಇಕ್ಬಾಲ್ ಬೇಗಂ ಅಲ್ಲಿಯೇ ಕಂಡರು. ಕಾಲಲ್ಲಿ ಚಪ್ಪಲಿ ಇತ್ತು, ಮುಖದಲ್ಲಿ ಸಿಟ್ಟು. “ಪೂಜಿ ನಿಂತ್ರೂ ಕಾಯೂದು ತಪ್ಪಿಲ್ಲ, ಸಾಬ್! ಒಬ್ಬಾತ ಚಾವಿ ತಂದು ಕುಂತಾನ, ಇನ್ನೊಬ್ಬಾತ ಚಾವಿ ತಗೊಂಡು ಎಲ್ಲಿ ಹೋಗ್ಯಾನೋ. ಇಬ್ಬರೂ ಕೂಡ್ಲಾರ್ದ ಆ ಬಾಗಲಾ ತೆರ್ಯಂಗಿಲ್ಲಂತ.”

ರಾಯರು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟರು. ಭದ್ರ ಕೋಣೆಗೆ ಜೋಡಿ ಕೀಲಿ ಹಾಕಿ, ಇಬ್ಬರ ಕೈಗೆ ಒಂದೊಂದು ಚಾವಿ ಕೊಡುವುದು ಖಜಾನೆಗಳ ಹಳೆಯ ಪದ್ಧತಿ. ಅವರೂ ಅದನ್ನು ಎಷ್ಟೋ ಸಲ ಕಂಡಿದ್ದರು.

ಮುಂದಿನದು ಸರಳ. ಗುಡಿಯಲ್ಲೇ ಒಂದು ಗಟ್ಟಿ ಗೂಡು, ಅದಕ್ಕೆ ಜೋಡಿ ಕೀಲಿ, ಮನೆತನಕ್ಕೊಂದು ಚಾವಿ. ಮುಖ ಯಾರ ಮನೆಗೂ ಹೋಗುವಂತಿಲ್ಲ. ನಿತ್ಯದ ದೀಪ ಆ ಗೂಡಿನೊಳಗೇ, ಆದ್ದರಿಂದ ಇಬ್ಬರೂ ಬರದೆ ದೀಪ ಹತ್ತುವಂತಿಲ್ಲ. ಹಿರಿಯರಿಬ್ಬರೂ ಒಬ್ಬರನ್ನೊಬ್ಬರು ನೋಡದೆಯೇ ಒಪ್ಪಿದರು. ನ್ಯಾಯಾಲಯವೂ ಒಪ್ಪಿತು.

ತೊಂಬತ್ತರ ದಶಕ ಮುಗಿಯುತ್ತಿದ್ದಾಗಿನ ಶೀಗಿ ಹುಣ್ಣಿಮೆಗೆ ಅವ್ವ ಕೊನೆಯ ಸಲ ಜೀಪು ಹತ್ತಿದಳು. ಗುಡಿಯ ಮುಂದೆ ಭೀಮಬಾಯಿ ಮುಖವನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಕಣ್ಣು, ಮೂಗು, ಗಲ್ಲ ತಡವಿದಳು. ಹಣೆಗೆ ಬಂದು ಬೆರಳು ನಿಂತಿತು.

“ಇದೇನ್ರೀ ಸಾಹೇಬ್ರ, ಗಟ್ಟಿ ಹತ್ತಲಾಕತ್ತದ?”

“ಗಂಟಿನ ಅರಗು ಸೋರಿದ್ದು, ಭೀಮಬಾಯಿ. ಸರಕಾರದ ಮುದ್ರಿ.”

“ಕುಂಕುಮದ ಜಾಗಾನೇ ಸಿಕ್ಕಿತೇನು ಇವರಿಗೆ, ಪುಣ್ಯಾತ್ಮರಿಗೆ!” ಎಂದು ಆಕೆ ಬಿಸಿ ಎಣ್ಣೆ ಸವರಿ, ಸೆರಗಿನ ತುದಿಯಿಂದ ನಿಧಾನವಾಗಿ ಉಜ್ಜಿ ಉಜ್ಜಿ ಅದನ್ನು ತೆಗೆದಳು. ಚಂದ್ರಾಮಪ್ಪ ತನ್ನ ಚಾವಿ ತಿರುಗಿಸಿದ, ಮಲ್ಕಪ್ಪ ತನ್ನದನ್ನು. ದೀಪ ಹತ್ತಿತು. ಗುಡ್ಡ ಹತ್ತಲಾರದೆ ಕೆಳಗೆ ನೆರಳಲ್ಲಿ ಕುಳಿತಿದ್ದ ಇಕ್ಬಾಲ್ ಬೇಗಂರಿಗೆ ಯಾರೋ ಕೆಂಪು ಬಾಳೆಹಣ್ಣಿನ ಚಿಪ್ಪು ಒಯ್ದುಕೊಟ್ಟರು. ಕುರ್ಚಿಯಲ್ಲಿ ಕೂಡಿಸಿ ಹೊತ್ತು ತಂದಿದ್ದ ಆಯಿ, ದೀಪವನ್ನು ಕಣ್ತುಂಬ ನೋಡಿ, ಮನೆಯಿಂದ ತಂದ ಗಿಂಡಿಯನ್ನು ಎತ್ತಿಕೊಂಡರು.

“ಪಾಂಡು, ಕೈ ಚಾಚು.”

ಅರವತ್ತೈದರ ಮಗ ಮಣ್ಣಿನ ಮೇಲೆ ಮೊಣಕಾಲೂರಿ ಅಂಗೈ ಒಡ್ಡಿದರು.

ಆಯಿ ಈಗಿಲ್ಲ, ಭೀಮಬಾಯಿಯೂ ಇಲ್ಲ. ಆದರೆ ಇಂದಿಗೂ ನಸುಕಿನಲ್ಲಿ ಎರಡು ಮನೆಗಳಿಂದ ಎರಡು ಚಾವಿಗಳು ಗುಡ್ಡ ಹತ್ತುತ್ತವೆ. ಹತ್ತುವ ದಾರಿಯಲ್ಲಿ ಮಾತುಕತೆಯೂ ಆಗುತ್ತದಂತೆ. ಕರಿಕೋಟನ್ನು ಗೂಟಕ್ಕೆ ಹಾಕಿದ ರಾಯರು ಹುಟ್ಟೂರಿಗೆ ಮರಳಿ, ಜಗಳಾಡಿ ಬಂದವರ ಮಾತನ್ನು ಗುಡಿಯ ಕಟ್ಟೆಯ ಮೇಲೆ ಕುಳಿತು ಕೇಳಬೇಕೆಂದಿದ್ದಾರೆ. ಆ ಕಟ್ಟೆ ಅವರಿಗೆ ಬಹುಕಾಲ ಒದಗಲಿ. ಅವರ ಕಾಲುಗಳಿಗೆ ಗುಡ್ಡ ಹತ್ತುವ ಕಸುವನ್ನು ಅವ್ವ ಕೊಡಲಿ, ಮತ್ತು ಪ್ರತಿ ಮುಂಜಾನೆ ಆ ಜೋಡಿ ಕೀಲಿ ತೆರೆಯುವ ಸಪ್ಪಳ ಅವರ ಕಿವಿಗೆ ಬೀಳುತ್ತಿರಲಿ.