ಲೈನಿನ ಗದ್ದಲ

ಸವಣೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಆಪರೇಟರ್ ಕೆಲಸ ಕಲಿಸಿದವರು ಅಲ್ಲಿನ ಹಿರಿಯ ಆಪರೇಟರ್ ಒಬ್ಬರು. ಅವರನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಹಾನಗಲ್ಲಿಗೋ ಹಿರೇಕೆರೂರಿಗೋ ಯಾರಾದರೂ ಟ್ರಂಕ್ ಕಾಲ್ ಕೇಳಿದರೆ, ಬೋರ್ಡಿನ ಕಡೆ ನೋಡದೆಯೇ ವೈರನ್ನು ಸರಿಯಾದ ತೂತಿಗೆ ಚುಚ್ಚುತ್ತಿದ್ದರು. ಲೈನ್ ಸಿಕ್ಕ ಕೂಡಲೆ, ಮನೆಗೆ ಯಾರೋ ಬಂದಂತೆ, ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮನೆಯಲ್ಲಿ ಒಬ್ಬರೇ ಇದ್ದ ಅವರಿಗೆ, ಮುಖ ನೋಡಿರದ ಆ ಊರುಗಳ ಆಪರೇಟರುಗಳೇ ಬಳಗ.

“ಲೈನಿನಾಗ ಗದ್ದಲ ಐತ್ರಿ, ಜೋರ ಮಾತಾಡ್ರಿ” ಎನ್ನುವುದು ಅವರ ರೂಢಿ. ೧೯೮೦ರ ಆಸುಪಾಸಿನ ಆ ತಂತಿಗಳಲ್ಲಿ ಗಾಳಿ ಬೀಸಿದರೂ ಕರಕರ ಸದ್ದು ಬರುತ್ತಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ಆದರೆ ಒಂದು ಬೇಸಿಗೆಯಲ್ಲಿ ಅವರು ಪ್ರತಿ ಕರೆಗೂ ಆ ಮಾತು ಹೇಳತೊಡಗಿದರು. ಕೊನೆಗೆ ಬೇಸತ್ತು ತಾವೇ ದೂರು ಕಳಿಸಿದರು.

ಹುಬ್ಬಳ್ಳಿಯಿಂದ ಇಂಜಿನಿಯರ್ ಬಂದರು. ಲೈನುಗಳನ್ನೆಲ್ಲ ಪರೀಕ್ಷಿಸಿ, ಅಕ್ಕಾರ ಹೆಡ್‌ಸೆಟ್ಟನ್ನೂ ತಮ್ಮ ಕಿವಿಗೆ ಇಟ್ಟುಕೊಂಡು ನೋಡಿದರು. ಸಿಗ್ನಲ್ ಸ್ವಚ್ಛವಾಗಿತ್ತು. ಹೆಡ್‌ಸೆಟ್ಟನ್ನು ಕೆಳಗಿಟ್ಟು, ಸಂಕೋಚದಿಂದ ಮೆಲ್ಲಗೆ ಹೇಳಿದರು:

“ಅಕ್ಕಾರ, ಲೈನ್ ಛಲೋ ಐತ್ರಿ. ಗದ್ದಲ ನಿಮ್ಮ ಕಿವಿಯೊಳಗ ಇರಬೇಕ್ರಿ. ಇನ್ನ ನೀವು ಬೋರ್ಡಿನ ಮುಂದ ಕುಂದ್ರೂದು ಆಗಂಗಿಲ್ರಿ.”

ಅಕ್ಕಾರು ನಗುತ್ತ ನನ್ನ ಕಡೆ ತಿರುಗಿದರು.

“ಏನಂದ್ರವ್ವಾ ಸಾಹೇಬ್ರು?”

ಅವರ ಹತ್ತಿರ ಬಗ್ಗಿ ನಾನು ಮೆಲ್ಲಗೆ ಹೇಳಿದೆ. ಅವರು ಇನ್ನೂ ನಗುತ್ತಲೇ ನನ್ನ ತುಟಿ ನೋಡುತ್ತಿದ್ದರು. ಆಮೇಲೆ ಇಡೀ ಕೋಣೆಗೆ ಕೇಳುವಂತೆ ಕೂಗಿ ಹೇಳಬೇಕಾಯಿತು.