ಬಳೆ ಒಡೆಯುವ ಕಲ್ಲು

ಈಗ ಆ ಕಲ್ಲಿನ ಪಕ್ಕ ನೀಲಿ ಬೋರ್ಡು ನೆಟ್ಟಿದ್ದಾರೆ. ಇದು ಪುರಾತನ ಸ್ಮಾರಕ, ಧಕ್ಕೆ ತಂದವರಿಗೆ ಶಿಕ್ಷೆಯಾಗುತ್ತದೆ ಅಂತ ಬರೆದಿದೆ. ಓದಿದಾಗ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಆ ಕಲ್ಲಿಗೆ ಯಾರು ಸ್ವಾಮಿ ಧಕ್ಕೆ ತಂದರು? ಆ ಕಲ್ಲಿನ ಮುಂದೆ ಹೆಂಗಸರಿಗೆ ಏನು ಮಾಡುತ್ತಿದ್ದರು ಅಂತ ಹೇಳುವ ಬೋರ್ಡು ಮಾತ್ರ ಇನ್ನೂ ಬಂದಿಲ್ಲ. ಬರುವುದೂ ಇಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಬಂಗಾರಪೇಟೆಯಿಂದ ಬೂದಿಕೋಟೆ ಕಡೆ ಹೋಗುವ ಬಸ್ಸಿಗೆ ನನ್ನ ಗಂಡನ ಊರಿನ ಗುರುತು ಅದೊಂದೇ. ಹುಣಿಸೆಮರದ ಬುಡದಲ್ಲಿ ಆಳೆತ್ತರದ ಮಾಸ್ತಿಕಲ್ಲು. ಹಳೇ ಕಾಲದಲ್ಲಿ ಗಂಡ ಸತ್ತಾಗ ಅವನ ಚಿತೆ ಏರಿದ ಯಾವಳೋ ತಾಯಿಯ ನೆನಪಿಗೆ ನಿಲ್ಲಿಸಿದ್ದು. ಅದರಲ್ಲಿ ಅವಳ ಮುಖವಿಲ್ಲ, ಹೆಸರಿಲ್ಲ. ಒಂದು ಕಂಬ, ಕಂಬದಿಂದ ಹೊರಟು ಮೇಲಕ್ಕೆ ಮಡಿಸಿದ ಒಂದು ತೋಳು, ಆ ತೋಳಿಗೆ ಬಳೆ. ಅಷ್ಟೇ.

ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಮಾತು. ನನ್ನ ಗಂಡನಿಗೆ ಚಿನ್ನದ ಗಣಿಯಲ್ಲಿ ಕೆಲಸ, ನಾವಿದ್ದದ್ದು ನಂದಿದುರ್ಗ ಅನ್ನುವ ಗಣಿಯ ಕೂಲಿ ಲೈನಿನಲ್ಲಿ. ಪಕ್ಕದ ಮನೆಯ ತಮಿಳಿನವರು ಒಮ್ಮೆ ನಮ್ಮ ಜೊತೆ ಊರಿಗೆ ಬಂದಿದ್ದರು. ಮಾಸ್ತಿ ಅನ್ನುವುದು ಅವರ ಕಿವಿಗೆ ಮೇಸ್ತ್ರಿ ಅಂತ ಬಿತ್ತು. ಯಾರೋ ಮೇಸ್ತ್ರಿ ಕೈ ಎತ್ತಿ ಕೂಲಿಯವರನ್ನು ಬೈತಾ ನಿಂತಿದ್ದಾನೆ ಅಂತ ಲೈನಿಗೆಲ್ಲ ಹೇಳಿಕೊಂಡು ಬಂದರು. ನನ್ನ ಗಂಡ ತಿದ್ದಿದನೇ? ಇಲ್ಲ. ಊರಿಗೆ ಹೊರಟಾಗಲೆಲ್ಲ, ನಡಿ, ಮೇಸ್ತ್ರಿಗೆ ಸಲಾಮು ಹೊಡೆದು ಬರೋಣ ಅಂತ ರೈಲಿನಲ್ಲೇ ನನ್ನನ್ನು ಛೇಡಿಸುತ್ತಿದ್ದ. ನಗಿಸಿ ನಗಿಸಿಯೇ ಸಂಸಾರ ಮಾಡಿದ ಮನುಷ್ಯ.

ಆ ಊರಿಗೆ ಸೊಸೆಯಾಗಿ ಬಂದವಳು ಮೊದಲು ಆ ಕಲ್ಲಿಗೆ ಅರಿಶಿನ ಹಚ್ಚಿ, ಬಳೆ ಇಟ್ಟು, ಮುತ್ತೈದೆತನ ಕೊಡು ತಾಯಿ ಅಂತ ಬೇಡಿಕೊಂಡೇ ಊರೊಳಕ್ಕೆ ಕಾಲಿಡಬೇಕು. ಅವಳ ಗಂಡ ಸತ್ತರೆ ಅದೇ ಕಲ್ಲಿಗೆ ಅವಳ ಕೈ ಕುಟ್ಟಿ ಬಳೆ ಒಡೆಯುತ್ತಾರೆ. ಅಲ್ಲಿ ಮಣ್ಣು ಕೆದಕಿದರೆ ಗಾಜಿನ ಚೂರೇ. ಯಾರ ಯಾರ ಕೈಯದೋ.

ನನ್ನ ಗಂಡ ಕಾಮಾಲೆಯಾಗಿ ಸತ್ತ. ನನಗಿನ್ನೂ ಅಳು ಮುಗಿದಿರಲಿಲ್ಲ. ಊರಿನಲ್ಲಿ ಹನ್ನೊಂದನೇ ದಿನದ ತಿಥಿಯ ಬೆಳಗ್ಗೆ ನನಗೆ ತಲೆತುಂಬ ಹೂ ಮುಡಿಸಿ, ಕೈತುಂಬ ಹಸಿರು ಬಳೆ ತೊಡಿಸಿ ಕಲ್ಲಿನ ಹತ್ತಿರ ಕರೆದುಕೊಂಡು ಹೋದರು. ಮುಂದೆ ನಿಂತವಳು ಅವನ ದೊಡ್ಡಮ್ಮ. ಗಟ್ಟಿಗಿತ್ತಿ, ಅವಳ ಮಾತಿಗೆ ಮನೆಯಲ್ಲಿ ಎದುರಾಡಿದವರಿಲ್ಲ. ನನ್ನ ಅತ್ತೆ ಬೋಳು ಕೈ ಕಟ್ಟಿಕೊಂಡು ಮರದ ಕೆಳಗೆ ದೂರ ನಿಂತಿದ್ದಳು. ಮಗ ತೊಟ್ಟಿಲಲ್ಲಿದ್ದಾಗಲೇ ಅವಳ ಬಳೆ ಅಲ್ಲಿ ಒಡೆದಿತ್ತು.

ದೊಡ್ಡಮ್ಮ ಮೊದಲು ಕಲ್ಲಿನ ತೋಳಿಗೆ ಅರಿಶಿನ ಕುಂಕುಮ ಹಚ್ಚಿದಳು. ಬುಡದಲ್ಲಿ ಹೊಸ ಬಳೆ ಇಟ್ಟಳು. ಕರ್ಪೂರ ಬೆಳಗಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ತಿರುಗಿ ನನ್ನ ಮಣಿಕಟ್ಟು ಹಿಡಿದಳು. ಆ ಕುಂಕುಮದ ಕೈಯಲ್ಲೇ ಹಿಡಿದಳಲ್ಲ, ನನಗೆ ಮೈಯೆಲ್ಲ ಉರಿದುಹೋಯಿತು.

“ದೊಡ್ಡಮ್ಮ, ಇವಳ ಗಂಡನೂ ಸತ್ತವ್ನೆ. ಇವಳ ಬಳೆ ಯಾಕೆ ಒಡೀಲಿಲ್ಲ?” ಅಂತ ಕಲ್ಲಿನ ತೋಳು ತೋರಿಸಿ ಕೇಳಿದೆ.

“ಅವಳು ಗಂಡನ ಜೊತೇಲಿ ಬೆಂಕಿಗೆ ಹೋದೋಳು ಕಣೇ. ಮುತ್ತೈದೆ.”

“ಸತ್ತೋಳ್ಗೆ ಬಳೆ, ಬದುಕಿರೋಳ್ಗೆ ಇಲ್ವಾ? ನಾನು ಸಾಯಾಕಿಲ್ಲ. ಬಳೇನೂ ಒಡೆಯಾಕೆ ಬಿಡಾಕಿಲ್ಲ.”

ಅವಳು ಜಗ್ಗಿದಳು, ನಾನೂ ಜಗ್ಗಿದೆ. ಒಂದು ಬಳೆ ಮುರಿದು ಕೈಗೆ ಚುಚ್ಚಿತು, ಉಳಿದವು ಉಳಿದವು. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ಹೆಣ್ಣಿಗೆ ಹಠ ಇರಬಾರದು ಅಂತ ಒಬ್ಬಳು, ಗಣಿಯ ನೀರು ಕುಡಿದವಳು ಇನ್ನೇನು ಮಾಡ್ತಾಳೆ ಅಂತ ಇನ್ನೊಬ್ಬಳು. ಇವಳ ಕೈಯ ನೀರು ನಮಗೆ ಬೇಡ ಅಂತ ದೊಡ್ಡಮ್ಮ ಅಲ್ಲೇ ಹೇಳಿಬಿಟ್ಟಳು. ಬೇಡವೇ? ಬೇಡ ಬಿಡಿ ಅಂದುಕೊಂಡು ಮನೆಗೆ ನಡೆದೆ.

ನನಗೆ ಅವರ್‍ಯಾರ ಭಯವೂ ಇರಲಿಲ್ಲ. ಭಯವಿದ್ದದ್ದು ಅತ್ತೆಯದು. ಆ ಊರಲ್ಲಿ ಅವನಿಗಾಗಿ ನನ್ನಷ್ಟೇ ಅತ್ತವಳು ಅವಳೊಬ್ಬಳೇ. ಅವಳೂ ನನ್ನನ್ನು ಹೊರಗೆ ಹಾಕಿದರೆ ಅವನ ಮಾತು ನಾನು ಯಾರ ಹತ್ತಿರ ಆಡಲಿ?

ಅತ್ತೆ ನನ್ನ ಹಿಂದೆಯೇ ಬಂದಳು. ಹಿತ್ತಲಿಗೆ ಕರೆದು ನನ್ನ ಕೈಗೆ ತಣ್ಣೀರು ಹಾಕಿ ರಕ್ತ ತೊಳೆದಳು. ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸಿ ಗಾಯಕ್ಕೆ ಅರಿಶಿನ ಮೆತ್ತಿದಳು. ನಾನು ಬೈಗುಳಕ್ಕೆ ಕಾದು ಕೂತಿದ್ದೆ. ಅವಳು ಬಹಳ ಹೊತ್ತು ನನ್ನ ಕೈ ಬಿಡಲೇ ಇಲ್ಲ.

“ಅವತ್ತು ಆ ಕಲ್ಲತ್ರ ನನ್ ಕೈ ಹಿಡ್ಕಂಡಾಗ ನಂಗೀ ಮಾತು ಹೊಳೀಲಿಲ್ಲ ಕಣಮ್ಮಿ” ಅಂದಳು.